ನೀರಿನ ಮಂದಿ

ಒಬ್ಬೊಬ್ಬರಿಗೂ ಎಪ್ಪತ್ತೈದು ಕಿಲೋ.
ಕತ್ತಿನ ಬಿರಡೆ ತಿರುಗಿಸಿ, ಪೈಪು ಇಳಿಬಿಟ್ಟು
ನೀರು ಕುಡಿಸುವುದು ನನ್ನ ಕೆಲಸ,
ಇಪ್ಪತ್ತೆಂಟು ಮಂದಿಗೆ, ಬೆಳಗಿನ ಐದಕ್ಕೆ.
ಕಿತ್ತಳೆ ಬಣ್ಣದ ರಬ್ಬರಿನ ಮೈ.
ಮುಖವಿಲ್ಲ, ಕೈಯಿಲ್ಲ,
ಕೂರುವುದಕ್ಕೆ ಬೇಕಾದಷ್ಟು ತೊಡೆ ಮಾತ್ರ ಇದೆ.

ಮನುಷ್ಯರು ಹತ್ತುವ ಮೊದಲು
ಇವರು ಸಾವಿರ ಸಲ ಹೋಗಿಬರಬೇಕಂತೆ.
ಇಂಜಿನಿಯರ್ ಯೋಹೆನ್ ಹೇಳಿದ್ದು, ದುಭಾಷಿಯ ಬಾಯಲ್ಲಿ.
ಡ್ರ್ಯಾಗನ್ನಿನ ಬೆನ್ನೇರಿ ಅರವತ್ತು ಮೀಟರು,
ಅಲ್ಲಿಂದ ಧೊಪ್ಪನೆ ಕೆಳಕ್ಕೆ, ತಲೆಕೆಳಗಾಗಿ ಎರಡು ಸುತ್ತು,
ಹಿಮಲೋಕದ ಗೋಡೆ ಸವರಿಕೊಂಡು ವಾಪಸ್ಸು.
ಯಾರೂ ಕಿರುಚುವುದಿಲ್ಲ.
ತಿರುವಿನಲ್ಲಿ ಹೊಟ್ಟೆಯೊಳಗಿನ ನೀರು
ಗುಳಕ್ಕೆನ್ನುತ್ತದೆ, ಅಷ್ಟೆ.

ಹನೋಯಿಯಿಂದ ಎರಡೇ ತಾಸು, ಹೊಸ ಹೆದ್ದಾರಿ.
ಹೆದ್ದಾರಿ ಬರುವ ಮೊದಲು ಇಲ್ಲಿ ನಮ್ಮ ಗದ್ದೆಗಳಿದ್ದವು.
ಗದ್ದೆಯೆಂದರೆ ಭತ್ತದ್ದಲ್ಲ, ಉಪ್ಪಿನದು.
ಮರಳು ಹರವಿ, ಕಡಲ ನೀರು ಚಿಮುಕಿಸಿ
ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಕೆರೆಯುವ ಕೃಷಿ.
ಲೋಕವೆಲ್ಲ ಮಳೆ ಬೇಡಿದರೆ
ನಾವು ಮೋಡ ಕಂಡು ಬಯ್ಯುತ್ತಿದ್ದವರು.
ಒಂದು ಹನಿ ಸಾಕು, ದಿನದ ದುಡಿಮೆ ಕರಗಿ ಕಾಲುವೆಗೆ.

ಸುಳ್ಳೇಕೆ ಹೇಳಲಿ,
ಪರಿಹಾರದ ಕಾಗದಕ್ಕೆ ಮೊದಲು ಸಹಿ ಹಾಕಿದವಳು ನಾನೇ.
ಕಾಲ ಬಿರುಕಿಗೆ ಹಂದಿಯ ಕೊಬ್ಬು ಸವರಿ ಸಾಕಾಗಿತ್ತು.
ಈಗ ಐದನೇ ಮಹಡಿಯಲ್ಲಿ ಮನೆ, ಲಿಫ್ಟು, ಬಿಳಿ ಟೈಲ್ಸು.
ಅಮ್ಮ ಟೈಲ್ಸಿನ ಮೇಲೆ ಮೀನು ಒಣಗಿಸಿ
ಕೆಳಮನೆಯವರ ಹತ್ತಿರ ಬೈಸಿಕೊಳ್ಳುತ್ತಾಳೆ.

ಮೊದಲ ವಾರ ಇವರನ್ನು ನಂಬರಿನಿಂದ ಕರೆದೆ.
ಎರಡನೇ ವಾರ ಬೇಜಾರಾಗಿ
ಬೆನ್ನಿಗೆ ಸೀಮೆಸುಣ್ಣದಲ್ಲಿ ಹೆಸರು ಬರೆದೆ.
ಮುಂದಿನ ಸಾಲಿಗೆ ಲುವಾ, ಅವಳ ಗಂಡ ದೋವಾನ್.
ಜಗಳಗಂಟ ಬೋಯ್‌ನ ಪಕ್ಕಕ್ಕೆ ಬೇಕೆಂದೇ
ಅವನು ಹನ್ನೆರಡು ವರ್ಷ ಮಾತುಬಿಟ್ಟ ತಮ್ಮ.
ಒಟ್ಟಿಗೆ ತಲೆಕೆಳಗಾದರೆ ರಾಜಿಯಾದಾರು!
ಕೊನೆಯ ಸೀಟು ಮುದುಕ ಖ್ಯೆಮ್‌ಗೆ.
ಸಹಿ ಹಾಕುವುದಿಲ್ಲವೆಂದು ಗುದ್ದಲಿ ಹಿಡಿದು ಕೂತಿದ್ದವನು
ಈಗ ಪಾರ್ಕಿಂಗಿನಲ್ಲಿ ಸೀಟಿ ಊದುತ್ತಾನೆ,
ಭುಜದ ಮೇಲೆ ಹಳದಿ ಪಟ್ಟಿ.
'ಏನದು ಬರಹ?' ಅಂದ ಯೋಹೆನ್.
'ತಯಾರಾದ ಊರಿನ ಗುರುತು' ಅಂದೆ.
ದುಭಾಷಿ ನಗು ನುಂಗಿ ಇನ್ನೇನೋ ಹೇಳಿದ.

ಹಿಮಲೋಕದಲ್ಲಿ ಹಿಮ ಬೀಳಿಸಿ ನೋಡಿದ ದಿನ
ಅಮ್ಮನನ್ನು ಹಿಂಬಾಗಿಲಿನಿಂದ ಒಳಕ್ಕೆ ಕರೆದೊಯ್ದೆ.
ಅವಳು ಮೂವತ್ತೆಂಟು ಕಿಲೋ, ನನ್ನ ಮಂದಿಯ ಅರ್ಧ.
ಬಿಳಿ ರಾಶಿ ಕಂಡಿದ್ದೇ ತಡ, ಕೂತುಬಿಟ್ಟಳು
ಅಂಗೈ ಅಡ್ಡ ಹಿಡಿದು ಕೆರೆಯಲು.
ಚಿಟಿಕೆ ಬಾಯಿಗಿಟ್ಟು
'ಸಪ್ಪೆ' ಅಂದಳು.
ಯಾರೋ ಪಾಪ ಮೋಸಹೋಗಿದ್ದಾರೆ ಎನ್ನುವ ಹಾಗೆ
ಇಂಜಿನಿಯರನ ಕಡೆ ನೋಡಿದಳು.

ಆರುನೂರ ನಲವತ್ತನೇ ಸುತ್ತಿನಲ್ಲಿ ಬೋಯ್ ಒಡೆದ.
ಎರಡನೇ ತಿರುವಿನಲ್ಲಿ, ಫಟ್ಟೆಂದು.
ಬಿಸಿಲಿನಲ್ಲಿ ಒಂದು ಗಳಿಗೆ ಮಳೆ ಬಂತು.
ಕೆಳಗೆ ಸಿಮೆಂಟು ಕಲಸುತ್ತಿದ್ದ ಹೆಂಗಸರು
ಹಳೇ ಅಭ್ಯಾಸ, ತಲೆಯೆತ್ತಿ ಬೈದು
ಟಾರ್ಪಾಲಿಗೆ ಓಡಿದರು,
ಮುಚ್ಚಲು ಯಾವ ಉಪ್ಪೂ ಇಲ್ಲದಲ್ಲಿ.
ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.
ನಕ್ಕು ಮುಗಿದ ಮೇಲೂ ಸ್ವಲ್ಪ ಹೊತ್ತು
ಟಾರ್ಪಾಲಿನ ತುದಿ ಕೈಯಲ್ಲೇ ಇತ್ತು.

ನೀರು ಇಲ್ಲಿಯದೇ, ಬೋರಿನದು.
ಎಂಬತ್ತು ಮೀಟರು ಆಳದಿಂದ ಬಂದರೂ ನಾಲಿಗೆಗೆ ಚುರ್ರೆನ್ನುತ್ತದೆ.
ಸಂಜೆ ಬಿರಡೆ ಬಿಚ್ಚಿ, ಒಬ್ಬೊಬ್ಬರನ್ನೇ ಬಗ್ಗಿಸಿ ಖಾಲಿ ಮಾಡುವಾಗ
ಕತ್ತಿನ ಸುತ್ತ ತೆಳ್ಳಗೆ ಬಿಳಿ ಗೆರೆ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ನೀರು ಕುಡಿದವರೂ ಹೀಗೆ
ಉಪ್ಪಾಗುತ್ತಾರೆಂದು ಯಾರೂ ಹೇಳಿರಲಿಲ್ಲ.

ಯೋಹೆನ್‌ಗೆ ಅದು ಹಿಡಿಸಲಿಲ್ಲ.
ಬೋಲ್ಟುಗಳಿಗೆ ತುಕ್ಕು, ಫೋಟೋ ತೆಗೆದ, ವರದಿ ಬರೆದ.
ನಾಳೆಯಿಂದ ಟ್ಯಾಂಕರಿನಲ್ಲಿ ಸಿಹಿನೀರು,
ಹೊಳೆಯಾಚೆಯ ಊರಿಂದ.
ಒದ್ದೆ ಬಟ್ಟೆ ಕೊಟ್ಟು ಗೆರೆ ಒರೆಸು ಅಂದ.

ಇಪ್ಪತ್ತೇಳು ಕತ್ತು ಒರೆಸಿದೆ.
ಖ್ಯೆಮ್ ಮುದುಕನ ಸರದಿ ಬಂದಾಗ ಶಿಫ್ಟು ಮುಗಿಯಿತು.
ಹೊರಗೆ ಪಾರ್ಕಿಂಗಿನಲ್ಲಿ
ಖಾಲಿ ಜಾಗಕ್ಕೆ ಸೀಟಿ ಊದುತ್ತಿದ್ದ ಅವನು:
ಹಿಂದೆ ಬಾ, ಹಿಂದೆ ಬಾ,
ಇನ್ನೂ ಸ್ವಲ್ಪ. ಸಾಕು.