ಮುಂದಿನದನ್ನು ಬೆಳ್ಳಿತೆರೆಯ ಮೇಲೆ

ಭಾನುವಾರ ಬೆಳಗ್ಗೆ ಏಳು. ಸಂಡೇ ಬಜಾರಿನ ಫುಟ್‌ಪಾತು.
ಹಳೇ ನಲ್ಲಿ, ಒಂಟಿ ಬೂಟು, ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆ;
ತಾಡಪಾಲಿನ ಅಂಚಿಗೆ, ಮಿಕ್ಸಿ ಜಾರಿನಡಿ ಸಿಕ್ಕಿ
ಗಾಳಿಗೆ ಒದ್ದಾಡುತ್ತಿತ್ತು
'ಹುಂಜದ ಪಂಚಾಯ್ತಿ' ಚಿತ್ರದ ಪದ್ಯಾವಳಿ.
ಎಂಟು ಪುಟ, ಒಂಬತ್ತು ಹಾಡು, ಬೆಲೆ ಎರಡಾಣೆ.

ನನ್ನೆದೆ ಹಾರಿದ್ದು ಇಸ್ಮಾಯಿಲ್ ಸಾಬರಿಗೆ ಕೇಳಿಸಿಬಿಟ್ಟಿತು.
"ಎರಡು ಸಾವಿರ."
ಕೊತ್ತಂಬರಿ ಕಟ್ಟಿಗೂ ಜಗಳವಾಡುವ ನಾನು
ಎಣಿಸಿಕೊಟ್ಟೆ.

ಹನ್ನೊಂದೇ ದಿನ ಓಡಿದ್ದು.
ಆಮೇಲೆ ಡಬ್ಬಿಗಳು ಗೋಡೌನಿಗೆ,
ಗೋಡೌನಿಂದ ನಗರ್ತಪೇಟೆಯ ಆಸಿಡ್ಡಿನ ತೊಟ್ಟಿಗೆ.
ಬೆಳ್ಳಿತೆರೆಯಲ್ಲಿ ಅವರಿಗೆ ಬೇಕಿದ್ದದ್ದು
ಬೆಳ್ಳಿ.
ತೊಳೆದುಳಿದ ಬೋಳು ಪಟ್ಟಿ ಬಳೆಯವರ ಪಾಲು:
ಗೌಡರ ಮೀಸೆ, ಕೆರೆ ಏರಿಯ ಕುಣಿತ,
ಮೊಟ್ಟೆ ಕದ್ದ ಹುಡುಗನ ಪದ
ಯಾರದೋ ಮುಂಗೈಯಲ್ಲಿ ನಾಲ್ಕು ದಿನ ಮಿನುಗಿ
ಮುರಿದೂ ಹೋಗಿರಬೇಕು.

ಕಥಾಸಾರ ಉಳಿದಿದೆ:
ಮೇಲೂರಿನ ಹುಂಜ ಕೂಗಿದರೆ ಕೆಳಗೂರಿಗೆ ಬೆಳಗು.
"ನಮ್ಮ ಬೆಳಗಿಗೆ ಕಂದಾಯ ಕಟ್ಟಿ" ಎಂದು ಮೇಲೂರಿನವರ ತಗಾದೆ.
ನಡುವೆ ಗೌಡರ ಮಗಳು, ಕೊಳಲಿನವನು, ಒಂದು ರಾತ್ರಿ
ಹುಂಜವೇ ಮಾಯ.
ಅರಳಿಕಟ್ಟೆಯ ಮೇಲೆ ಪಂಚರು ಗಂಟಲು ಸರಿಮಾಡಿಕೊಳ್ಳುತ್ತಾರೆ,
ಅಷ್ಟರಲ್ಲಿ ಅಚ್ಚುಮೊಳೆ ಕೈಮುಗಿಯುತ್ತದೆ:
ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ.

ಎಲ್ಲಿ ನೋಡಲಿ, ಸ್ವಾಮಿ?

ಮದರಾಸಿನ ವರದಾಚಾರ್ ಫೋನಿನಲ್ಲಿ ನಲವತ್ತು ಸಾವಿರ ಅಂದರು.
ಚಿತ್ರ ಗೆದ್ದಿದ್ದರೆ
ಇದರಲ್ಲಿ ಕಳ್ಳೇಪುರಿ ಕಟ್ಟಿಕೊಡುತ್ತಿದ್ದರು.

ಕೊನೆಗೆ ಶ್ರೀರಾಮಪುರದಲ್ಲಿ ಸಿಕ್ಕಳು ಕೆಂಪಮ್ಮಜ್ಜಿ,
ಗುಂಪಿನ ಕುಣಿತದಲ್ಲಿ ಎಡದಿಂದ ನಾಲ್ಕನೆಯವಳು.
ಈಗ ಹೂ ಕಟ್ಟುತ್ತಾಳೆ, ಕಣ್ಣಿಲ್ಲದೆಯೂ ಬೆರಳಿಗೆ ಲೆಕ್ಕ ತಪ್ಪದು.
"ಸಿನಿಮಾ ನಾನೆಲ್ಲಿ ನೋಡ್ದೆ, ಟಿಕೀಟಿಗೆ ಕಾಸಿತ್ತಾ?"
ಹುಂಜ ಕೊನೆಗೆ ಯಾರ ಪಾಲಾಯ್ತು, ಅಜ್ಜಿ?

ದಾರ ಹಲ್ಲಲ್ಲಿ ಕಡಿದಳು.
"ಕೊನೇ ದಿನ ಸಾರು ಮಾಡಿದ್ರು ಕಣಪ್ಪ.
ನಲವತ್ತು ಜನಕ್ಕೆ ಒಂದು ಹುಂಜ.
ನಂಗೆ ಬರೀ ತಿಳಿ."

ಪುಸ್ತಕ ಕೈಗಿಟ್ಟೆ. ಮೂಸಿದಳು.
ನನ್ನೆಸರು ಐತಾ, ಅಂದಳು.
ಇರಲಿಲ್ಲ.
ಮೂರನೇ ಹಾಡು ಗುನುಗಿದಳು, ಅದರಲ್ಲೊಂದು ಸಾಲು
ಅಚ್ಚಿನಲ್ಲಿ ಇಲ್ಲದ್ದು. ಏನೆಂದು ಕೇಳುವಷ್ಟರಲ್ಲಿ
ಗಿರಾಕಿ ಬಂದರು, ಎರಡು ಮೊಳ ಅಳೆದಳು.

"ಎಷ್ಟು ಕೊಟ್ಟೆ ಇದಕ್ಕೆ?"
ಹೇಳಿದೆ.
"ಅಯ್ಯೋ ನಿನ್ನ! ಮೂರು ನಾಟಿ ಹುಂಜ ಬರೋದಲ್ಲೋ,
ನಂಗೂ ಒಂದು ಕಾಲು ಸಿಗೋದು."