ಜಟ್ಟಿಗೆ ಒಂದು ಚೊಂಬು

ಮುಹರಕ್ಕಿನ ಸೇತುವೆಯ ಕೆಳಗೆ ಇವತ್ತು ಇಳಿತ.
ರಾತ್ರಿಪಾಳಿ ಮುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು
ಮೊಣಕಾಲು ಮುಳುಗುವ ತನಕ ನಡೆದು ಬಂದಿದ್ದೇನೆ.
ನೀರು ಬೆಚ್ಚಗಿದೆ,
ಆರಲು ಇಟ್ಟು ಮರೆತ ಗಂಜಿಯ ಹಾಗೆ.

ಜಟ್ಟಿ ಹರಿಕಂತ್ರ,
ನಿನಗೆ ಹತ್ತೊಂಬತ್ತು, ನನಗೆ ನಲವತ್ತೊಂದು.
ಅಜ್ಜಿಯ ಅಣ್ಣನನ್ನು ಏಕವಚನದಲ್ಲಿ ಕರೆಯಲು
ಬೇರೆ ನೆಪ ಬೇಕೆ?
ನಿನ್ನಷ್ಟೇ ದೊಡ್ಡ ಮಗ ನನಗೂ ಇದ್ದಾನೆ,
ಮೀಸೆ ಇನ್ನೂ ಸರಿಯಾಗಿ ಕೂತಿಲ್ಲ.

ನಿನ್ನ ಬಗ್ಗೆ ಗೊತ್ತಿರುವುದು ಸ್ವಲ್ಪ.
ತದಡಿಯ ದಕ್ಕೆಯಿಂದ ಬೊಂಬಾಯಿಗೆ ಹೋದೆ.
ಎತ್ತರ ಸಾಲದೆ ಹಿಮ್ಮಡಿ ಎತ್ತಿ ನಿಂತೆಯಂತೆ,
ಅಳೆಯುವವನು ನಕ್ಕು ಬರೆದುಕೊಂಡನಂತೆ.
ಕೊಟ್ಟದ್ದು ಬಿಳಿ ಟೋಪಿ,
ಕೆಲಸ ಬಾಯ್ಲರಿನ ಬಾಯಿಗೆ ಕಲ್ಲಿದ್ದಲು.
ಒಂದೇ ಒಂದು ಕಾಗದ ಬಂತು, ಬೇರೆ ಯಾರದೋ ಅಕ್ಷರದಲ್ಲಿ:
ಇಲ್ಲಿ ಕುಡಿಯುವ ನೀರು ಅಳೆದು ಕೊಡುತ್ತಾರೆ.
ಬುದವಂತಿಗೆ ಬಳೆ ತರುತ್ತೇನೆ, ಕೈ ದಪ್ಪ ಆಗದಿರಲಿ.

ಆಮೇಲೆ ತಂತಿ.
ಓದಲು ಸಾಲೆಯ ಮಾಸ್ತರರೇ ಬರಬೇಕಾಯಿತು.
"ಪರ್ಶಿಯಾದ ಕೊಲ್ಲಿಯಲ್ಲಿ..."
ಶುದ್ಧ ಕನ್ನಡ ಮಾಡಿ ಹೇಳಿದರು.
ಏಳು ವರ್ಷದ ತಂಗಿಗೆ ಗೊತ್ತಿದ್ದ ಕೊಲ್ಲಿ ಒಂದೇ,
ಹಿತ್ತಿಲಿಗೆ ಹಾವು ಬಂದಾಗ
ಹೆಂಗಸರು ಗಂಡಸರಿಗೆ ಕೂಗುವುದು.
"ಕೊಲ್ಲಿ ಅಂದವರು ಯಾರು?"
ಮಾಸ್ತರರು ಕನ್ನಡಕ ಒರೆಸಿಕೊಂಡರು.
ಊರಲ್ಲಿ ವ್ಯಾಕರಣ ಬಲ್ಲವರು ಅವರೊಬ್ಬರೇ,
ಅವರೂ ಹೇಳಲಿಲ್ಲ.

ಸಮುದ್ರ ಗುಡಿಸುವ ಹಡಗಂತೆ ನಿನ್ನದು.
ಕಸ ಅಂದರೆ ಮೈನುಗಳು.
ಒಂದು ಉಳಿದಿತ್ತು.

ರಾಜ ಬೇರೆಯವನು, ವೈರಿ ಬೇರೆಯವನು,
ಕಾಯಬೇಕಿದ್ದ ಎಣ್ಣೆಯೂ ಬೇರೆಯವರದು.
ಬಾಯಾರಿಕೆ ಮಾತ್ರ ನಿನ್ನದು.
ಅದನ್ನೇ ಅಜ್ಜಿ ಎತ್ತಿಟ್ಟುಕೊಂಡಳು.
ಪ್ರತಿ ಮಹಾಲಯಕ್ಕೂ ಎಡೆಯ ಪಕ್ಕ
ಒಂದು ಚೊಂಬು ಬಾವಿನೀರು.
ಹಾಲು ಬೇಡ, ಹೆಂಡ ಬೇಡ.
"ಉಪ್ಪು ಕುಡಿದು ಸತ್ತವ," ಅನ್ನುತ್ತಾಳೆ.

ಕಳೆದ ವಾರ ಆರನೇ ಮಂಚದ ಹಾಜಿ ಮರ್ಜೂಕ್,
ಹುಡುಗನಾಗಿ ಮುತ್ತಿನ ದೋಣಿಯಲ್ಲಿ ಹಗ್ಗ ಎಳೆದವನು,
ನಾನು ನರ ಹುಡುಕಿ ಡ್ರಿಪ್ಪು ಹಾಕುವಾಗ ಹೇಳಿದ
ಅರೆ ಹಿಂದಿ ಅರೆ ಅರಬಿಯಲ್ಲಿ:
ಈ ಕಡಲ ತಳದಲ್ಲಿ ಸಿಹಿನೀರಿನ ಒರತೆಗಳಿದ್ದವು.
ತೊಗಲ ಚೀಲ ಹಿಡಿದು ಮುಳುಗಿ
ಒರತೆಯ ಬಾಯಿಗೆ ಚೀಲದ ಬಾಯಿ ಕೊಟ್ಟು
ತುಂಬಿ ತರುತ್ತಿದ್ದರು. ತಣ್ಣಗೆ, ಮಗಳೇ, ತಣ್ಣಗೆ.
ಬಹರೈನ್ ಅಂದರೆ ಎರಡು ಕಡಲು,
ಅದು ಸುಮ್ಮನೆ ಬಂದ ಹೆಸರಲ್ಲ.

ಅಜ್ಜಿಗೆ ಫೋನು ಮಾಡಿದೆ.
ಕಿವಿ ಮಂದ, ಕೂಗಬೇಕು. ಕಾರಿಡಾರಿನಲ್ಲೇ ಕೂಗಿದೆ:
"ಕೊಲ್ಲಿಯ ತಳದಲ್ಲಿ ಸಿಹಿನೀರುಂಟು!"
ಬಹಳ ಹೊತ್ತು ಮಾತಿಲ್ಲ.
ಆಚೆ ಯಾರೋ ಮೀನಿನ ಪೊರೆ ಕೆರೆಯುವ ಸದ್ದು.
ಆಮೇಲೆ,
"ಹಂಗಾರೆ ಅಂವ ಕುಡ್ದಿರ್ತ."

ಮರ್ಜೂಕನ ಉಳಿದ ಮಾತು ನಾನು ಹೇಳಲಿಲ್ಲ.
ಕೊಳವೆಬಾವಿ ಕೊರೆದರು, ಮಣ್ಣು ಸುರಿದು ದಡ ಹಿಗ್ಗಿಸಿದರು,
ಒರತೆಗಳು ಬತ್ತಿಹೋದವು.
ನಿನ್ನ ವರ್ಷದಲ್ಲಿ ಇದ್ದವು.
ಬೆರಳು ಮಡಚಿ ಎರಡು ಸಲ ಲೆಕ್ಕ ಹಾಕಿದೆ,
ಇದ್ದವು.

ದೂರದಲ್ಲಿ ಬೂದು ಬಣ್ಣದ ಹಡಗೊಂದು ನಿಂತಿದೆ,
ಯಾವ ದೇಶದ್ದೋ. ಒಳಗೆ ಹತ್ತೊಂಬತ್ತರವರು ಇರಬೇಕು,
ಈಗ ತಿಂಡಿಯ ಹೊತ್ತು.

ಬಾಟಲಿಯ ಮುಚ್ಚಳ ತಿರುವುತ್ತೇನೆ.
ನೂರು ಫಿಲ್ಸಿನ ನೀರು,
ಇದೇ ಕಡಲನ್ನು ಕಾಯಿಸಿ ಉಪ್ಪು ತೆಗೆದದ್ದು.
ಅರ್ಧ ಸುರಿದೆ.
ಉಳಿದರ್ಧ ನಿಂತಲ್ಲೇ ಕುಡಿದೆ.
ಬಸ್ಸಿಗೆ ಹೊತ್ತಾಯಿತು, ಜಟ್ಟಿ,
ಸೆರಗಿನ ಅಂಚು ಒದ್ದೆಯಾಗಿದೆ.