ಮೂವತ್ತೊಂದು

ಹತ್ತು ವರ್ಷದ ಹರಿವನ್ನು ತೋರಿಸಿ ಕಲಿಸುತ್ತೇವೆ,
ಇನ್ನು ಹತ್ತು ವರ್ಷದ್ದನ್ನು ಬಚ್ಚಿಟ್ಟು ಕೇಳುತ್ತೇವೆ.
ಮಾದರಿಗೆ ಮಳೆ ಗೊತ್ತು, ಚಳಿ ಗೊತ್ತು,
ಯಾವ ಇಳಿಜಾರಿನಲ್ಲಿ ಎಷ್ಟು ಹಿಮ ಕೂತಿದೆ ಗೊತ್ತು;
ನದಿ ಮಾತ್ರ ಗೊತ್ತಿಲ್ಲ, ಅದನ್ನು ಊಹಿಸಬೇಕು.
ಒಂದು ಬಂದರೆ ನದಿಯೇ ತಾನು.
ಸೊನ್ನೆ ಬಂದರೆ, ದಿನವೂ ಸರಾಸರಿ ಒಪ್ಪಿಸುವ ದಡ್ಡನಷ್ಟೇ ಜಾಣ.
ಅದಕ್ಕೂ ಕೆಳಗೆ ಜಾಗವಿದೆ. ಅಲ್ಲಿಗೂ ಹೋಗಿಬಂದಿದ್ದೇನೆ.

ನರೀನ್ ನದಿಗೆ ಸೇರುವ ಈ ಸಣ್ಣ ಹೊಳೆಯಲ್ಲಿ
ನನ್ನದು ಸೊನ್ನೆ ಬಿಂದು ಎಂಟು ಮುಟ್ಟಿತ್ತು,
ಬಿಷ್ಕೆಕ್‌ನ ಆಫೀಸಿನಲ್ಲಿ ಕೇಕು ಕತ್ತರಿಸಿದ್ದೆವು.
ಆಮೇಲೆ ತೊಂಬತ್ತಾರರ ವಸಂತ ಬಂತು.

ಮೇ ಹತ್ತೊಂಬತ್ತಕ್ಕೆ ಮಾದರಿಯ ಗೆರೆ
ಕುದುರೆಯ ಹಾಗೆ ಮುಂಗಾಲೆತ್ತಿ ನಿಂತಿತು.
ದಫ್ತರದಲ್ಲಿ ಸಿದಿಕ್‌ಬೆಕ್‌ನ ಪೆನ್ಸಿಲ್ಲು
ಮೂವತ್ತೊಂದು, ಮೂವತ್ತೊಂದು, ಮೂವತ್ತೊಂದು,
ನಲವತ್ತೇಳು ದಿನ ಸಾಲಾಗಿ
ಸೆಕೆಂಡಿಗೆ ಮೂವತ್ತೊಂದೇ ಘನ ಮೀಟರು.

ಅಳೆದವನ ಮಾತು ಮಾತು, ಊಹಿಸಿದ್ದು ಊಹೆ.
ಮೂರು ದಿನ ಮಾದರಿಯ ಕಿವಿ ಹಿಂಡಿದೆ.
ಹಿಮ ಕರಗುವ ದರವನ್ನು ಇಳಿಸಿದೆ,
ಮಣ್ಣಿನ ಹೊಟ್ಟೆಯನ್ನು ಹಿಗ್ಗಿಸಿದೆ,
ಇಲ್ಲದ ಜೌಗೊಂದನ್ನು ಕಣಿವೆಯಲ್ಲಿ ನೆಟ್ಟೆ.
ಆದರೂ ಅದು ಮೇ ತಿಂಗಳಲ್ಲಿ ಏಳುತ್ತಲೇ ಇತ್ತು.
ಬೆಟ್ಟಕ್ಕೆ ಬಂದ ಹಿಮ
ನೀರಿಗೆ ಬಾರದೆ ಇರುತ್ತದೆಯೇ?

ಕೊನೆಗೆ ಜೀಪು ಹತ್ತಿದೆ.

ಸಿದಿಕ್‌ಬೆಕ್ ತೀರಿಹೋಗಿ ಆರು ವರ್ಷ.
ಅಳತೆಯ ಕೋಲು ಈಗಲೂ ನೀರಲ್ಲಿತ್ತು, ತುಸು ವಾಲಿ.
ಹೆಂಡತಿ ಕಾಲಿಯ್ಪಾ ಚಹಾದ ಬಟ್ಟಲು ತುಂಬಿ
ದಫ್ತರದ ಆ ಪುಟವನ್ನು ದೂರ ಹಿಡಿದು ನೋಡಿದಳು.
"ಇದು ಅವನ ಕೈಬರಹ ಅಲ್ಲ. ನನ್ನದು.
ಹದಿನಾಲ್ಕು ತಿಂಗಳು ಸಂಬಳ ಬಂದಿರಲಿಲ್ಲ.
ತೊಗಲು ಮಾರಲು ಓಶ್‌ಗೆ ಹೋದವನು
ಬೇಸಿಗೆಗೆ ತಿರುಗಿ ಬಂದ.
ಖಾಲಿ ಬಿಟ್ಟರೆ ಕೆಲಸ ಹೋಗುತ್ತದೆ ಅಂದಿದ್ದ.
ಹೊರಡುವ ದಿನ ಅವನು ಬರೆದದ್ದು ಮೂವತ್ತೊಂದು.
ನಾನು ಅದನ್ನೇ ಕಾಪಾಡಿಕೊಂಡು ಬಂದೆ."

ಕುರಿದೊಡ್ಡಿಯ ಹಿಂದೆ ಕರೆದೊಯ್ದಳು.
ಕಲ್ಲುಗೋಡೆಯ ಮೇಲೆ, ನನ್ನ ಎದೆಮಟ್ಟಕ್ಕೆ,
ಒಣಗಿದ ಕೆಸರಿನ ಗೆರೆ.
ಟೇಪು ಹಿಡಿದು ಅಳೆದೆ. ಎರಡು ಸಲ ಅಳೆದೆ.
ಮಾದರಿ ಹೇಳಿದ್ದಕ್ಕಿಂತ ಒಂದು ಗೇಣು ಕಡಿಮೆ,
ಅಷ್ಟೇ.

ಗೋಡೆಯ ಗೆರೆಗೆ ತಾರೀಖಿಲ್ಲ, ಸಹಿಯಿಲ್ಲ,
ಅದನ್ನು ನಮ್ಮ ಕೋಷ್ಟಕ ಒಪ್ಪುವುದಿಲ್ಲ.
ಗೊತ್ತಿಲ್ಲ ಎನ್ನುವುದಕ್ಕೆ ನಮ್ಮಲ್ಲೊಂದು ಅಂಕಿಯಿದೆ:
ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಅಲ್ಲೇ ಜಗುಲಿಯಲ್ಲಿ ಕೂತು ನಲವತ್ತೇಳು ಸಲ ತುಂಬಿದೆ.
ಅವಳ ಒಂದೊಂದು ಮೂವತ್ತೊಂದೂ ಅಳಿಯಿತು.
"ಅವನ ಪಿಂಚಣಿ ನಿಲ್ಲಿಸುತ್ತಾರಾ?" ಅಂದಳು.
ಇಲ್ಲ ಅಂದೆ. ನನಗೆ ಗೊತ್ತಿರಲಿಲ್ಲ.

ಮಾದರಿಯ ಕಿವಿ ಬಿಟ್ಟೆ. ಜೌಗನ್ನು ಕಿತ್ತೆ.
ಪರದೆಯ ಮೇಲೆ ಮತ್ತೆ ಮೇ ಎದ್ದು ನಿಂತಿತು.
ಅವಳು ಕನ್ನಡಕವಿಲ್ಲದೆ ಬಗ್ಗಿ ನೋಡಿ,
"ಇದಕ್ಕೆ ಗೊತ್ತಾ, ಕಾಲುಸೇತುವೆ ಕೊಚ್ಚಿಹೋದದ್ದು
ಎಷ್ಟು ಹೊತ್ತಿಗೆ ಅಂತ?"
ಇದಕ್ಕೆ ದಿನ ಮಾತ್ರ ಗೊತ್ತು, ಅಜ್ಜಿ, ಹೊತ್ತು ಗೊತ್ತಿಲ್ಲ.

"ರಾತ್ರಿ," ಅಂದಳು, ಬಟ್ಟಲಿಗೆ ಇನ್ನಷ್ಟು ಸುರಿಯುತ್ತ.
"ನಾಯಿಗೆ ಮೊದಲು ತಿಳಿಯಿತು."